ನೆರವು ಕೊಡುವವರಿಗೂ ಕಟ್ಟುಪಾಡು ಬೇಕು

ಲಗ್ನಸರಾಯಿ ಶುರುವಾದರೆ ಕಲಬುರಗಿ ಜಿಲ್ಲೆಯಲ್ಲಿ ಬಾಲ್ಯವಿವಾಹ ತಡೆದ ಸುದ್ದಿಗಳೂ ಶುರುವಾಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೆಸರು ಅವುಗಳಲ್ಲಿ ಆಗಾಗ ಕಾಣುತ್ತದೆ. ಮದುವೆ ನಿಂತದ್ದು ಒಳ್ಳೆಯದೇ. ಆದರೆ ಇಂಥ ಸುದ್ದಿಯ ಬೆನ್ನಿಗೆ ಕೆಲವೊಮ್ಮೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತದೆ. ಹಂದರದ ಕೆಳಗೆ ಅಧಿಕಾರಿಗಳು, ಪೊಲೀಸರು, ಸಂಸ್ಥೆಯ ಕಾರ್ಯಕರ್ತರು, ಅವರ ನಡುವೆ ಅರಿಷಿಣ ಹಚ್ಚಿದ ಮುಖದ ಹುಡುಗಿ. ಊರಿನ ಹೆಸರು, ತಂದೆಯ ಹೆಸರು, ಕೆಲವೊಮ್ಮೆ ಓದುತ್ತಿದ್ದ ಶಾಲೆಯ ಹೆಸರೂ ಕೆಳಗಿರುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಫೋಟೊ ಹಂಚುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದ ಕೆಲವರು, ಒಳ್ಳೆಯ ಕೆಲಸವನ್ನು ತೋರಿಸಿದರೆ ತಪ್ಪೇನು ಎನ್ನುತ್ತಾರೆ.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಮಾಜಸೇವೆಯ ಬಗ್ಗೆ ನಮ್ಮಲ್ಲಿ ಆಳವಾಗಿ ಬೇರುಬಿಟ್ಟ ಒಂದು ನಂಬಿಕೆ ಅದರೊಳಗಿದೆ. ಉದ್ದೇಶ ಒಳ್ಳೆಯದಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅದು. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ನೆರವು ಕೊಡುವವರ ಕೈಯಲ್ಲಿ ಅಧಿಕಾರವಿರುತ್ತದೆ. ಬಡವರ ಮನೆಯೊಳಗೆ ಹೋಗುವ, ಅವರ ಗುಟ್ಟು ಕೇಳುವ, ಅವರ ಬಗ್ಗೆ ಬರೆದಿಡುವ, ಯಾರಿಗೆ ಮೊದಲು ಕೊಡಬೇಕೆಂದು ನಿರ್ಧರಿಸುವ ಅಧಿಕಾರ. ಆ ಅಧಿಕಾರಕ್ಕೆ ತಾವೇ ಹಾಕಿಕೊಳ್ಳುವ ಕಟ್ಟುಪಾಡೇ ಸಮಾಜಕಾರ್ಯದ ನೀತಿ. ಆ ಕಟ್ಟುಪಾಡು ಮೀರದೆ ಕೆಲಸ ಸಾಧಿಸುವ ಜಾಣ್ಮೆಗೆ ಈ ವೃತ್ತಿಯಲ್ಲಿ ಕೌಶಲ ಎನ್ನುತ್ತಾರೆ. ಕರುಣೆ ಇದ್ದರೆ ಬಹಳ ಒಳ್ಳೆಯದು, ಆದರೆ ಕರುಣೆಯೊಂದರಿಂದ ಈ ಕೆಲಸ ಆಗುವುದಿಲ್ಲ.

ಈ ಮೂರು ತಾಲೂಕುಗಳಲ್ಲಿ ಸಮಾಜಕಾರ್ಯ ಮಾಡುವವರು ಯಾರು ಎಂದು ಮೊದಲು ನೋಡೋಣ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು, ಈ ಮೂರೂ ಆ ಪಟ್ಟಿಯಲ್ಲಿವೆ. ಮುಂದೆ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ಕಲಮು ಬಂತು, ಪ್ರದೇಶಕ್ಕೊಂದು ಮಂಡಳಿ ಬಂತು, ಹಣವೂ ಬಂತು. ಹಿಂದುಳಿದಿರುವಿಕೆಯ ಹೆಸರಿನಲ್ಲಿ ಯೋಜನೆಗಳೂ ಸಂಸ್ಥೆಗಳೂ ಬಂದವು. ಆದರೆ ಬಾಗಿಲು ತಟ್ಟುವವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಕ್ಕಂದಿರು, ಮಕ್ಕಳ ಸಹಾಯವಾಣಿ 1098ರ ಸಿಬ್ಬಂದಿ, ವರ್ಷದ ಗುತ್ತಿಗೆಯ ಮೇಲಿರುವ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು. ಗುಲಬರ್ಗಾ ವಿಶ್ವವಿದ್ಯಾಲಯದಿಂದ, ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಕ್ಷೇತ್ರಕಾರ್ಯಕ್ಕೆ ಬರುವ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳನ್ನು ಬಿಟ್ಟರೆ ಇವರಲ್ಲಿ ಸಮಾಜಕಾರ್ಯ ಓದಿದವರು ಕಡಿಮೆ. ನೀತಿಯ ಪಾಠ ಪದವಿಯ ತರಗತಿಯಲ್ಲಿ ನಡೆಯುತ್ತದೆ, ನೀತಿಯ ಇಕ್ಕಟ್ಟು ಪದವಿಯಿಲ್ಲದವರ ಹೆಗಲ ಮೇಲೆ ಬೀಳುತ್ತದೆ.

ಆ ಪಾಠಗಳ ಮೂಲ ಹೆಚ್ಚಾಗಿ ಹೊರಗಿನದು. ಮೇರಿ ರಿಚ್ಮಂಡ್ ಅಮೆರಿಕದಲ್ಲಿ 1917ರಲ್ಲಿ ಬರೆದ ಪುಸ್ತಕ, ಜೆಸ್ಯೂಟ್ ಪಾದ್ರಿ ಫೆಲಿಕ್ಸ್ ಬಿಸ್ಟೆಕ್ 1957ರಲ್ಲಿ ಹೇಳಿದ ಏಳು ಸೂತ್ರಗಳು ಇಂದಿಗೂ ನಮ್ಮ ಪಠ್ಯದಲ್ಲಿವೆ. ಎದುರಿಗಿರುವ ವ್ಯಕ್ತಿಯನ್ನು ಇದ್ದಂತೆ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಅವರ ಬದುಕಿನ ನಿರ್ಧಾರ ಅವರಿಗೇ ಬಿಡುವುದು, ಹೇಳಿದ್ದನ್ನು ಗುಟ್ಟಾಗಿಡುವುದು, ಹೀಗೆ. ಭಾರತದಲ್ಲಿ ಈ ಶಿಕ್ಷಣ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆಯಿಂದ ಶುರುವಾಯಿತು. ಇಂಥ ಸೂತ್ರಗಳು ಅಮೆರಿಕದ ಕಚೇರಿಗೆ ಸರಿ, ಗೋಡೆಗೆ ಗೋಡೆ ಹಚ್ಚಿಕೊಂಡು ಮನೆಗಳಿರುವ ನಮ್ಮ ಓಣಿಗೆ ಹೊಂದುವುದಿಲ್ಲ ಎಂಬ ಆಕ್ಷೇಪವನ್ನು ಕ್ಷೇತ್ರದಲ್ಲಿರುವವರಿಂದಲೇ ಕೇಳಬಹುದು. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು, ಇನ್ನು ಗುಟ್ಟೆಲ್ಲಿ ಎನ್ನುತ್ತಾರೆ.

ನನಗೆ ಇದು ತಲೆಕೆಳಗಾದ ವಾದವಾಗಿ ಕಾಣುತ್ತದೆ. ಎಲ್ಲರಿಗೂ ಎಲ್ಲವೂ ಗೊತ್ತಾಗುವ ಊರಿನಲ್ಲಿ, ಗೊತ್ತಾಗದೆ ಉಳಿದ ಒಂದು ಸಂಗತಿಯ ಬೆಲೆ ಬಹಳ ದೊಡ್ಡದು. ನಗರದಲ್ಲಿ ಮಾನ ಹೋದವರು ಬಾಡಿಗೆ ಮನೆ ಬದಲಿಸಬಹುದು. ಅಫಜಲಪುರದ ಹಳ್ಳಿಯಲ್ಲಿ ಎರಡು ಎಕರೆ ಹೊಲ ಇದ್ದವರು ಎಲ್ಲಿಗೆ ಹೋಗಬೇಕು? ಎಚ್‌ಐವಿ ಇರುವ ಹೆಣ್ಣುಮಗಳ ಮನೆ ಮುಂದೆ ಸಂಸ್ಥೆಯ ಹೆಸರು ಬರೆದ ಜೀಪು ಎರಡು ಸಲ ನಿಂತರೆ ಸಾಕು, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ವಿಷಯವನ್ನೂ ಹೊರಗೆ ಹೇಳಬಾರದು ಎನ್ನುತ್ತದೆ. ಜೀಪನ್ನು ಅಗಸಿಯ ಹೊರಗೇ ನಿಲ್ಲಿಸಿ ನಡೆದು ಹೋಗಬೇಕೆಂದು ಕಾಯ್ದೆ ಹೇಳುವುದಿಲ್ಲ, ಅದನ್ನು ಕಾರ್ಯಕರ್ತರೇ ಯೋಚಿಸಬೇಕು. ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ಗಂಡ, ಮಕ್ಕಳ ಎದುರು ಏನನ್ನೂ ಕೇಳಬಾರದು. ಹೊಲಕ್ಕೆ ಹೋಗುವ ದಾರಿಯಲ್ಲಿ, ಸ್ವಸಹಾಯ ಸಂಘದ ಸಭೆ ಮುಗಿದು ಹೆಂಗಸರು ಚದುರುವ ಹೊತ್ತಿನಲ್ಲಿ ಕೇಳಬೇಕು. ಕೌಶಲವೆಂದರೆ ಇಂಥ ಸಣ್ಣ ಸಣ್ಣ ತಿಳಿವಳಿಕೆಗಳು. ಇವು ಅಮೆರಿಕದ ಪುಸ್ತಕದಲ್ಲಿ ಸಿಗುವುದಿಲ್ಲ, ಆದರೆ ಆ ಪುಸ್ತಕದ ತತ್ವವನ್ನು ಇಲ್ಲಿ ಬದುಕಿಸುವುದು ಇವೇ.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ಆಳಂದದ ಗಡಿಯಲ್ಲಿ ಮರಾಠಿ ಇದೆ, ಪೇಟೆಗಳಲ್ಲಿ ದಖನಿ ಉರ್ದು ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಕನ್ನಡವೂ ಪುಸ್ತಕದ ಕನ್ನಡವಲ್ಲ. ಸಮೀಕ್ಷೆಯ ಹಾಳೆ ಹಿಡಿದು “ನಿಮ್ಮ ಮೇಲೆ ಕೌಟುಂಬಿಕ ದೌರ್ಜನ್ಯ ನಡೆಯುತ್ತಿದೆಯೇ?” ಎಂದು ಓದಿದರೆ “ಇಲ್ರಿ” ಎಂಬ ಉತ್ತರ ಬರುತ್ತದೆ, ಹಾಳೆಯಲ್ಲಿ ಒಂದು ಸೊನ್ನೆ ಬೀಳುತ್ತದೆ. “ಅಕ್ಕಾ, ಮನ್ಯಾಗ ಹ್ಯಾಂಗ್ ನಡದದ? ಅಣ್ಣಾರು ಕುಡದು ಬಂದ ದಿನ ನೀವು ಎಲ್ಲಿರ್ತೀರಿ?” ಎಂದು ಕೇಳಿ, ಆಮೇಲೆ ಸುಮ್ಮನೆ ಕುಳಿತರೆ ಉತ್ತರ ಬೇರೆಯೇ ಆದೀತು. ಸುಮ್ಮನೆ ಕುಳಿತುಕೊಳ್ಳುವುದು ಈ ಕೆಲಸದ ಕಠಿಣ ಕೌಶಲಗಳಲ್ಲಿ ಒಂದು. ದಿನಕ್ಕೆ ಇಂತಿಷ್ಟು ಮನೆ ಎಂಬ ಗುರಿ ಕೊಟ್ಟ ಸಂಸ್ಥೆ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗೌರವಯುತವಾದದ್ದು. ಶರಣರ ನಾಡಿಗೆ ಹೊರಗಿನ ನೀತಿಸಂಹಿತೆ ಯಾಕೆ, ದಾಸೋಹದ ಪರಂಪರೆ ಸಾಲದೇ ಎಂಬುದು ಆ ಆಕ್ಷೇಪ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಹಸಿದು ಬಂದವರ ಜಾತಿ ಕೇಳದೆ ಉಣಿಸಿದ ಅವರ ದಾಸೋಹದ ನೆನಪು ಈ ಭಾಗದಲ್ಲಿ ಇನ್ನೂ ಬಿಸಿಯಾಗಿದೆ. ಬಂದವರನ್ನು ಪರೀಕ್ಷಿಸದೆ ಸ್ವೀಕರಿಸಬೇಕು ಎಂಬ ತತ್ವವನ್ನು ನಾವು ಯಾವ ಪಾದ್ರಿಯಿಂದಲೂ ಕಲಿಯಬೇಕಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಕೊಡುವವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವವೇ ಇರಬಾರದು ಎಂಬ ದಾಸೋಹದ ನಿಲುವು, ದಾನದ ಹಮ್ಮಿಗೆ ಯಾವ ನೀತಿಸಂಹಿತೆಗಿಂತಲೂ ಗಟ್ಟಿಯಾದ ಉತ್ತರ.

ಆದರೆ ಅನ್ನವಿಕ್ಕುವ ಕೆಲಸಕ್ಕೂ ಇಂದಿನ ಸಮಾಜಕಾರ್ಯಕ್ಕೂ ಒಂದು ಅಂತರವಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವರು ಉಂಡು ಎದ್ದು ಹೋಗುತ್ತಾರೆ, ಅವರ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಇಂದಿನ ನೆರವಿಗೆ ಆಧಾರ್ ಬೇಕು, ಅರ್ಜಿ ಬೇಕು, ಫೋಟೊ ಬೇಕು, ವರದಿ ಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳು ಮುಳುಗಿದವು. ಕಾಳಜಿ ಕೇಂದ್ರಗಳಲ್ಲಿ ಜನರಿಗೆ ಊಟ ಸಿಕ್ಕಿತು, ಎಷ್ಟೋ ಊರಿನವರು ತಾವಾಗಿ ರೊಟ್ಟಿ ಬಡಿದು ಕಳಿಸಿದರು. ಅಂಥ ಹೊತ್ತಿನಲ್ಲಿ ಕಿಟ್ಟು ಕೊಡುವ ಕೈಯೂ ತಗೊಳ್ಳುವ ಕೈಯೂ ಒಂದೇ ಚೌಕಟ್ಟಿನಲ್ಲಿ ಬರುವವರೆಗೆ ಕಿಟ್ಟನ್ನು ಬಿಡದೆ ಹಿಡಿದಿರುವ ರೂಢಿ ಎಲ್ಲೆಡೆ ಬೆಳೆದಿದೆ. ಮನೆ ಕಳೆದುಕೊಂಡ ರೈತ ಕ್ಯಾಮೆರಾದ ಕಡೆ ನೋಡಬೇಕಾದ ಆ ಕ್ಷಣದಲ್ಲಿ ದಾಸೋಹ ಸತ್ತಿರುತ್ತದೆ. ಪರಂಪರೆ ಸಾಕು ಎನ್ನುವವರು ಈ ಫೋಟೊ ಬೇಡವೆಂದು ದಾನಿಗೆ ಹೇಳಿದರೆ, ಅವರೇ ಅತ್ಯುತ್ತಮ ನೀತಿಸಂಹಿತೆಯನ್ನು ಪಾಲಿಸಿದಂತೆ.

ಸಾಲಕ್ಕೆ ಸೋತು ಪ್ರಾಣ ಬಿಟ್ಟ ರೈತನ ಮನೆಗೆ ಹೋಗುವವರನ್ನೂ ಇಲ್ಲಿ ನೆನೆಯಬೇಕು. ಇದು ತೊಗರಿಯ ನಾಡು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿತು, 2022ರಲ್ಲಿ ಅದೇ ತೊಗರಿ ನೆಟೆರೋಗಕ್ಕೆ ನಿಂತಲ್ಲೇ ಒಣಗಿತು. ಸಾವಿಗೆ ಸಾಲವೇ ಕಾರಣ ಎಂದು ಅಧಿಕಾರಿಗಳಿಗೆ ಮನವರಿಕೆಯಾದರೆ ಮಾತ್ರ ಪರಿಹಾರ, ರಾಜ್ಯದಲ್ಲಿ ಅದು 2015ರಿಂದ 5 ಲಕ್ಷ ರೂಪಾಯಿ. ಹೀಗಾಗಿ ಹೆಂಡತಿಗೆ ಕೇಳುವ ಪ್ರಶ್ನೆಗಳು ವಿಚಾರಣೆಯ ಪ್ರಶ್ನೆಗಳೇ ಆಗುತ್ತವೆ. ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ, ಪಹಣಿ ಯಾರ ಹೆಸರಿನಲ್ಲಿದೆ, ಸಾವಕಾರನ ಸಾಲಕ್ಕೆ ಕಾಗದ ಇದೆಯೇ. ಈ ಪ್ರಶ್ನೆಗಳನ್ನು ಅಧಿಕಾರಿ ಕೇಳಲೇಬೇಕಾಗಬಹುದು. ಸಮಾಜಕಾರ್ಯಕರ್ತರು ಅದೇ ದನಿಯಲ್ಲಿ ಎರಡನೇ ಸಲ ಕೇಳಬಾರದು. ಅವರ ಕೆಲಸ ಬೇರೆ. ಕಾಗದ ಹೊಂದಿಸಿಕೊಡುವುದು, ವಿಚಾರಣೆಯ ದಿನ ಪಕ್ಕದಲ್ಲಿ ಕೂರುವುದು, ಎಲ್ಲರೂ ಎದ್ದು ಹೋದ ತಿಂಗಳ ಮೇಲೆ ಮತ್ತೊಮ್ಮೆ ಬರುವುದು. ಗಂಡ ಕುಡಿಯುತ್ತಿದ್ದ ಎಂದು ಆಕೆ ಹೇಳಿಕೊಂಡರೆ ಆ ಮಾತು ಅಲ್ಲಿಗೇ ಮುಗಿಯಬೇಕು.

ದೇವಲ ಗಾಣಗಾಪುರದಲ್ಲಿ ಈ ತತ್ವಗಳಿಗೆ ಬೇರೆ ರೀತಿಯ ಪರೀಕ್ಷೆ. ಭೀಮಾ ಮತ್ತು ಅಮರಜಾ ಕೂಡುವ ಅಫಜಲಪುರ ತಾಲೂಕಿನ ಈ ದತ್ತಕ್ಷೇತ್ರಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಿಂದ ಜನ ಬರುತ್ತಾರೆ. ಗಾಳಿ ಸೋಕಿದೆ, ಭೂತಬಾಧೆ ಇದೆ ಎಂದು ನಂಬಿದ ಕುಟುಂಬಗಳು ರೋಗಿಯನ್ನು ಕರೆತಂದು ಇಲ್ಲಿ ದಿನಗಟ್ಟಲೆ ಉಳಿಯುವುದುಂಟು. ಓದಿ ಬಂದ ಯುವಕ ಕಾರ್ಯಕರ್ತನಿಗೆ ಇದು ಬರೀ ಮೂಢನಂಬಿಕೆ. ಹಾಗೆಂದು ಮುಖಕ್ಕೆ ಹೇಳಿದರೆ ಆ ಕುಟುಂಬ ಮತ್ತೆ ಅವನ ಬಳಿ ಸುಳಿಯುವುದಿಲ್ಲ, ರೋಗಿಗೆ ಮಾತ್ರೆ ಸಿಗುವ ದಾರಿಯೂ ಮುಚ್ಚುತ್ತದೆ. ನಂಬಿಕೆಯೆಂದು ಎಲ್ಲವನ್ನೂ ಬಿಟ್ಟುಕೊಟ್ಟರೂ ಆಗದು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ವಾಸಿಯಾಗಲು ಬಂದವರನ್ನು ಇರಿಸಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂದು ವೈದ್ಯರನ್ನೂ ಪ್ರಾರ್ಥನೆ ಮಾಡಿಸುವವರನ್ನೂ ಒಂದೇ ಅಂಗಳಕ್ಕೆ ತಂದ ಪ್ರಯತ್ನ ನಡೆದಿದೆ. ಪೂಜೆ ನಡೆಯಲಿ, ಮಾತ್ರೆ ತಪ್ಪದಿರಲಿ, ಸರಪಳಿಯಂತೂ ಬೇಡವೇ ಬೇಡ. ಗಾಣಗಾಪುರಕ್ಕೂ ಅಂಥದೊಂದು ವ್ಯವಸ್ಥೆ ಬೇಕೆಂಬುದು ನನ್ನ ಅಭಿಪ್ರಾಯ. ತೀರ್ಪು ಕೊಡಬಾರದು ಎಂಬ ಸೂತ್ರಕ್ಕೆ ಒಂದು ಗಡಿಯಿದೆ, ಆ ಗಡಿ ಇನ್ನೊಬ್ಬರ ಕಾಲಿನ ಸರಪಳಿಯ ಹತ್ತಿರ ಇದೆ.

ಎಲ್ಲಕ್ಕಿಂತ ಕಠಿಣವಾದದ್ದಕ್ಕೆ ಈಗ ಬರುತ್ತೇನೆ. ಮದುವೆ ತಡೆಯಲಾಗದೆ ಹೋದ ಹುಡುಗಿಯ ವಿಷಯ ಅದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹದಿನೇಳರ ಹುಡುಗಿ ಬಸುರಿಯಾಗಿದ್ದಾಳೆ ಎಂದುಕೊಳ್ಳಿ. ಅದು ಮೊದಲು ಗೊತ್ತಾಗುವುದು ಆಶಾ ಕಾರ್ಯಕರ್ತೆಗೆ. ಆಕೆ ಅದೇ ಊರಿನ ಸೊಸೆ, ಅದೇ ನಳದ ನೀರು ಹಿಡಿಯುವವಳು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನಂತೆ 18 ತುಂಬದ ಹೆಂಡತಿಯೊಂದಿಗಿನ ದೈಹಿಕ ಸಂಬಂಧ ಅತ್ಯಾಚಾರ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಇತ್ತ ಹುಡುಗಿ ಕೈ ಹಿಡಿದು, “ಯಾರಿಗೂ ಹೇಳಬ್ಯಾಡ ಅಕ್ಕಾ, ಅವರ‍್ನ ಒಯ್ದರ ನನ್ನ ಗತಿ ಏನು” ಎನ್ನಬಹುದು. ಕಾನೂನಿನ ಕಣ್ಣಿಗೆ ಆಕೆ ಯಾರ ಹೆಂಡತಿಯೂ ಅಲ್ಲ, ಊರಿನ ಕಣ್ಣಿಗೆ ಇನ್ನು ಯಾರ ಮಗಳೂ ಅಲ್ಲ.

ವರದಿ ಮಾಡಿದರೆ ಆಕೆ ಆಸ್ಪತ್ರೆಯನ್ನೇ ತಪ್ಪಿಸಿ ಮನೆಯಲ್ಲೇ ಹೆರುವ ಅಪಾಯವಿದೆ. ಮಾಡದಿದ್ದರೆ ಕಾನೂನು ಮುರಿದಂತೆ, ಮುಂದಿನ ಮನೆಯ ಹದಿನೈದರ ಹುಡುಗಿಯನ್ನೂ ಕೈಬಿಟ್ಟಂತೆ. ಎರಡೂ ಕಡೆ ನಿಜವಾದ ನಷ್ಟವಿದೆ, ಇಂಥಲ್ಲಿ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಆದರೂ ನನ್ನ ನಿಲುವು ಹೇಳಬೇಕು. ಕಾನೂನು ತಿಳಿಸು ಎಂದಿರುವಾಗ ತಿಳಿಸಬೇಕು, ಏಕೆಂದರೆ ಯಾರ ಮಗಳ ವಿಷಯ ಮುಚ್ಚಿಡಬೇಕೆಂದು ಒಬ್ಬೊಬ್ಬ ಕಾರ್ಯಕರ್ತೆ ಒಂಟಿಯಾಗಿ ತೀರ್ಮಾನಿಸುವ ಊರಿನಲ್ಲಿ ಜಾತಿಯ ಬಲವೂ ಹಣದ ಬಲವೂ ಆ ತೀರ್ಮಾನ ಮಾಡಿಬಿಡುತ್ತವೆ. ಆದರೆ ಹುಡುಗಿಗೆ ಅದು ಮೊದಲೇ ಗೊತ್ತಿರಬೇಕು. ಆಕೆ ಬಾಯಿ ಬಿಡುವ ಮುಂಚೆಯೇ, “ತಂಗಿ, ಇಂಥಾ ಮಾತು ನೀ ಹೇಳಿದ್ರ ನಾ ಮ್ಯಾಲಿನವರಿಗೆ ತಿಳಿಸಬೇಕಾಗ್ತದ, ಅದು ಕಾಯ್ದೆ ಅದ” ಎಂದು ಹೇಳಬೇಕು. ಗುಟ್ಟು ಕಾಯುತ್ತೇನೆಂದು ನಂಬಿಸಿ ಆಮೇಲೆ ಬಯಲು ಮಾಡುವುದೇ ಇಲ್ಲಿನ ದೊಡ್ಡ ದ್ರೋಹ. ತಿಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹೆರಿಗೆಯವರೆಗೆ ತಪಾಸಣೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಆಕೆಯ ಮಾತು ಆಕೆಯ ಬಾಯಿಂದಲೇ ಬರುವಂತೆ ನೋಡಿಕೊಳ್ಳುವುದು, ಎಲ್ಲಿರಬೇಕೆಂದು ಆಕೆಯನ್ನೇ ಕೇಳುವುದು, ಶಾಲೆಗೆ ಮರಳುವ ದಾರಿ ಹುಡುಕುವುದು, ಇವೆಲ್ಲ ಅಲ್ಲಿಂದ ಶುರು. ಗರ್ಭಪಾತ ಬೇಕೆಂದು ಬಂದ ಅಪ್ರಾಪ್ತೆಯ ವಿಷಯದಲ್ಲಿ, ಆಕೆ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಗುರುತು ತಿಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ವರದಿಯ ಹೊಣೆಯನ್ನೂ ಗುರುತಿನ ರಕ್ಷಣೆಯನ್ನೂ ಒಟ್ಟಿಗೆ ಹಿಡಿಯುವ ದಾರಿ ಇದೆ ಎಂಬುದನ್ನು ನ್ಯಾಯಾಲಯವೇ ತೋರಿಸಿದೆ. ಅದನ್ನು ಇನ್ನಷ್ಟು ಸಂದರ್ಭಗಳಿಗೆ ವಿಸ್ತರಿಸಬೇಕು.

ಸರಕಾರವೇ ಗುರುತು ಬಯಲು ಮಾಡಿದರೆ ಏನಾಗುತ್ತದೆ ಎಂಬುದನ್ನೂ ಈ ಜಿಲ್ಲೆ ಕಂಡಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಕಲಬುರಗಿಯಲ್ಲಿ. ಅದೇ ತಿಂಗಳು ರಾಜ್ಯದಲ್ಲಿ ಮನೆಯಲ್ಲೇ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿ ಪ್ರಕಟವಾಯಿತು. ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳಿಂದ ದುಡಿಯುವ ಜನ ಮರಳಿದಾಗ ಊರಿನ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಹೊಟ್ಟೆಪಾಡಿಗೆ ಗುಳೆ ಹೋದವರು ಒಮ್ಮೆಲೆ ರೋಗ ತಂದವರೆನಿಸಿಕೊಂಡರು. ಹೆಸರು ಬಯಲಾದ ಕಡೆ ಜನ ಪರೀಕ್ಷೆಗೆ ಬರಲು ಹೆದರುತ್ತಾರೆ. ಗೋಪ್ಯತೆ ಕಾಯುವುದು ವ್ಯಕ್ತಿಗೆ ತೋರುವ ಮರ್ಯಾದೆ ಮಾತ್ರವಲ್ಲ, ಸಾರ್ವಜನಿಕ ಆರೋಗ್ಯದ ಕೆಲಸವೂ ಹೌದು.

ಇಷ್ಟೆಲ್ಲ ಹೊಣೆ ಹೊತ್ತವರು ತಪ್ಪಿದರೆ ದೂರು ಕೊಡುವುದು ಎಲ್ಲಿ? ವೈದ್ಯರಿಗೆ, ವಕೀಲರಿಗೆ, ದಾದಿಯರಿಗೆ ಪರಿಷತ್ತುಗಳಿವೆ. ಸಮಾಜಕಾರ್ಯಕ್ಕೆ ರಾಷ್ಟ್ರೀಯ ಮಂಡಳಿ ಬೇಕೆಂಬ ಚರ್ಚೆ 1990ರ ದಶಕದಿಂದ ನಡೆಯುತ್ತಲೇ ಇದೆ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ವ್ಯಾಪ್ತಿಗೆ ತಂದಿತು. ಹಳ್ಳಿಯಲ್ಲಿ ಬಾಗಿಲು ತಟ್ಟುವವರು ಹೊರಗೇ ಉಳಿದರು. ಅವರಲ್ಲಿ ನೀತಿ ಬಯಸುವ ನಾವು ಅವರ ಸಂಬಳವನ್ನೂ ನೋಡಬೇಕು. ಗೌರವಧನದ ಮೇಲೆ ದುಡಿಯುವ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದ ಕಾರ್ಯಕರ್ತೆ, ಊರ ಗೌಡನ ಮನೆಯ ಮದುವೆಯನ್ನು ತಡೆಯಬೇಕೆಂದು ಹೇಳುವಾಗ ಆಕೆಯ ಬೆನ್ನ ಹಿಂದೆ ಯಾರಿದ್ದಾರೆ ಎಂಬುದನ್ನೂ ಹೇಳಬೇಕು.

ಮಂಡಳಿ ಬರುವವರೆಗೆ ಕಾಯಬೇಕಿಲ್ಲ. ಈ ಮೂರು ತಾಲೂಕುಗಳಲ್ಲಿ ಕೆಲಸ ಮಾಡುವ ಪ್ರತಿ ಸಂಸ್ಥೆ, ಪ್ರತಿ ಇಲಾಖೆ ಒಂದು ಪುಟದ ನಿಯಮವನ್ನು ಜನರ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬಹುದು: ಕೇಳದೆ ಫೋಟೊ ತೆಗೆಯುವುದಿಲ್ಲ, ಮಗುವಿನ ಗುರುತನ್ನು ಎಲ್ಲಿಯೂ ಹಾಕುವುದಿಲ್ಲ, ನೀವು ಫೋಟೊ ಬೇಡವೆಂದರೂ ಸಿಗಬೇಕಾದ ನೆರವು ನಿಲ್ಲುವುದಿಲ್ಲ, ತಪ್ಪಾದರೆ ಇಂಥವರಿಗೆ ಫೋನು ಮಾಡಿ. ಕಡಗಂಚಿ ಮತ್ತು ಕಲಬುರಗಿಯ ಸಮಾಜಕಾರ್ಯ ವಿಭಾಗಗಳು ತಿಂಗಳಿಗೊಮ್ಮೆ ಒಂದೊಂದು ತಾಲೂಕು ಕೇಂದ್ರದಲ್ಲಿ ಆಶಾ, ಅಂಗನವಾಡಿ, ಸಹಾಯವಾಣಿಯವರನ್ನು ಕೂರಿಸಿ, ಆ ತಿಂಗಳು ಅವರಿಗೆ ಎದುರಾದ ಇಕ್ಕಟ್ಟುಗಳನ್ನು ಹೆಸರು ಹೇಳದೆ ಚರ್ಚಿಸಲಿ. ಕಲಿಸುವವರು ಅಲ್ಲಿ ಕಲಿಯುವುದೂ ಬಹಳ ಇರುತ್ತದೆ. ಜಿಲ್ಲಾ ಪಂಚಾಯಿತಿ ಅದಕ್ಕೆ ಜಾಗ ಮತ್ತು ಬಸ್ಸಿನ ಖರ್ಚು ಕೊಡಲಿ. ಇದನ್ನು ಮುಂದಿನ ಲಗ್ನಸರಾಯಿಗೆ ಮೊದಲೇ ಆರಂಭಿಸಬೇಕೆಂದು ಎರಡೂ ವಿಶ್ವವಿದ್ಯಾಲಯಗಳನ್ನೂ ಜಿಲ್ಲಾಡಳಿತವನ್ನೂ ಕೇಳಿಕೊಳ್ಳುತ್ತೇನೆ.